ಗೈರು ಎಂದರೆ ಸೊನ್ನೆ

ನಮ್ಮ ಕಚೇರಿಯಲ್ಲಿ ಅವರಿಗೆ ನಿಮಿಷದ ಮೇಡಂ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ನಾನು ಟಪಾಲು ವಿಭಾಗಕ್ಕೆ ಬರುವಷ್ಟರಲ್ಲಿ ಆ ಹೆಸರು ಹಳೆಯದಾಗಿತ್ತು. ಅವರೇ ಫೋನ್ ಎತ್ತಿ "ಹಾಂ, ನಿಮಿಷದ ಮೇಡಂ ಮಾತಾಡ್ತಿರೋದು" ಎನ್ನುತ್ತಿದ್ದರು. ಅವರ ಮೇಜಿಗೂ ನನ್ನ ಮೇಜಿಗೂ ನಡುವೆ ಇದ್ದದ್ದು ಒಂದು ಕಬ್ಬಿಣದ ಬೀರು ಮಾತ್ರ. ಹದಿಮೂರು ವರ್ಷ ಆ ಬೀರುವಿನ ಆಚೆಯಿಂದ ಅವರು ಕೆಮ್ಮುವುದನ್ನು ಕೇಳಿದ್ದೇನೆ. ಈ ಕಥೆಯಲ್ಲಿ ಅರ್ಧ ನಾನು ಕಂಡದ್ದು, ಉಳಿದರ್ಧ ಅವರು ಹೇಳಿದ್ದು.

ಅವರ ಕೆಲಸ ಹೀಗಿತ್ತು. ಜಿಲ್ಲೆಯ ಒಳಭಾಗದ ನಲವತ್ತಮೂರು ಸಣ್ಣ ಶಾಲೆಗಳಿಗೆ ವರ್ಷಕ್ಕೊಮ್ಮೆ ಹೋಗಬೇಕು. ಮೂರು ಮತ್ತು ನಾಲ್ಕನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎದುರಿಗೆ ಕೂರಿಸಿಕೊಂಡು, ಒಂದು ಹಾಳೆ ಕೊಟ್ಟು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಓದಿಸಬೇಕು. ಒಂದು ನಿಮಿಷದಲ್ಲಿ ನಲವತ್ತೈದು ಪದ ಸರಿಯಾಗಿ ಓದಿ, ಆಮೇಲೆ ಕೇಳುವ ಐದು ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರ ಹೇಳಿದರೆ ಆ ಮಗು 'ಓದಬಲ್ಲ' ಕಾಲಮ್ಮಿಗೆ. ಇಲ್ಲದಿದ್ದರೆ 'ಓದಲಾರ' ಕಾಲಮ್ಮಿಗೆ. ಮೂರನೇ ಕಾಲಮ್ಮು ಇರಲಿಲ್ಲ. ಆ ಲೆಕ್ಕ ಕಚೇರಿಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗಿ, ಯಾವ ಶಾಲೆಗೆ ಎಷ್ಟು ಅನುದಾನ, ಎಷ್ಟು ಟೀಚರು ಎಂಬುದು ತೀರ್ಮಾನವಾಗುತ್ತಿತ್ತು.

ಅದಕ್ಕೆ ಮೊದಲು ಅವರು ಹದಿನಾರು ವರ್ಷ ಪಾಠ ಮಾಡಿದವರು. ಗಂಟಲಲ್ಲಿ ಗಂಟು ಬಂದು ಆಪರೇಷನ್ ಆಯಿತು. ಇನ್ನು ದನಿ ಏರಿಸುವಂತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಇಲಾಖೆ ಈ ಕೆಲಸ ಕೊಟ್ಟಿತು.

"ಮಕ್ಕಳು ಮಾತಾಡ್ಬೇಕು, ನಾನು ಕೇಳ್ಬೇಕು. ಇದಕ್ಕಿಂತ ಹಗುರದ ಕೆಲಸ ಎಲ್ಲಿ ಸಿಗುತ್ತೆ ಅಂದ್ಕೊಂಡಿದ್ದೆ," ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದರು. "ಕೇಳೋದೂ ಸುಸ್ತಾಗುತ್ತೆ ಅಂತ ಯಾರೂ ಹೇಳಿರ್ಲಿಲ್ಲ."

ಒಂದು ದಿನಕ್ಕೆ ಇಪ್ಪತ್ತು ಮಕ್ಕಳು, ಅದೇ ಹಾಳೆ, ಹಾಳೆಯ ಕಥೆಯಲ್ಲಿ ಅದೇ ನರಿ, ಅದೇ ಬಾವಿ. ಮಗು ನಡುಗುತ್ತಾ ಕೂತಾಗ ಮೊದಲು ಏನಾದರೂ ಮಾತಾಡಿಸಬೇಕು. ಬೆಳಗ್ಗೆ ಏನು ತಿಂದೆ ಎಂದು ಕೇಳಬಾರದೆಂದು ಮೊದಲ ವರ್ಷವೇ ಕಲಿತರು. ಕೆಲವು ಮಕ್ಕಳು ಅಳುತ್ತಿದ್ದವು. ಅಪ್ಪ ಏನು ಮಾಡ್ತಾರೆ ಎಂದೂ ಕೇಳಬಾರದು. ಹಾಗಾಗಿ "ಯಾವ ದಾರೀಲಿ ಬಂದೆ?" ಎಂದು ಕೇಳುತ್ತಿದ್ದರು. ದಾರಿಯ ಬಗ್ಗೆ ಎಲ್ಲ ಮಕ್ಕಳಿಗೂ ಹೇಳುವುದಕ್ಕೆ ಏನಾದರೊಂದು ಇರುತ್ತಿತ್ತು.

ಮೇಡಂ ಅವರ ಯಜಮಾನರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವರು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ. ಮಗಳು ನರ್ಸಿಂಗ್ ಓದಲು ಹಾಸ್ಟೆಲಿನಲ್ಲಿದ್ದಳು. ಸಂಜೆ ಮೇಡಂ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೇ ಕೂತುಬಿಟ್ಟರೆ ಅವರು ಕೆಳಗಿನಿಂದ, "ಇವತ್ತು ಎಷ್ಟು ಜನಕ್ಕೆ ಹಣೆಬರಹ ಬರೆದು ಬಂದ್ಯೇ?" ಎಂದು ಕೂಗುತ್ತಿದ್ದರಂತೆ. ಉತ್ತರ ಬರದಿದ್ದರೆ ಮಾತು ಬೆಳೆಸದೆ ಟೀಗೆ ನೀರಿಡುತ್ತಿದ್ದರು.

ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಒಂದು ಶಾಲೆ. ಎರಡು ಕೋಣೆ, ಒಂದು ಜಗಲಿ, ಇಬ್ಬರು ಮೇಷ್ಟರು. ಅಲ್ಲಿ ಅವರಿಂದ ಒಂದು ತಪ್ಪು ನಡೆದುಹೋಗಿತ್ತು. ಆಗ ಇದ್ದ ನಿಯಮವೇ ಬೇರೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಓದಲಾರದ ಶಾಲೆಗೆ, ಓದು ಕಲಿಸಲೆಂದೇ ಮೂರನೆಯ ಟೀಚರೊಬ್ಬರನ್ನು ಕೊಡುತ್ತಿದ್ದರು. ಈ ಶಾಲೆಗೂ ಒಬ್ಬ ಹುಡುಗಿ ಬಂದಿದ್ದಳು. ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿ, ಹಿಂದುಳಿದ ಮಕ್ಕಳನ್ನು ಐದೈದು ಮಂದಿಯಂತೆ ಕೂರಿಸಿಕೊಂಡು ಓದಿಸುತ್ತಿದ್ದಳು.

ಆ ವರ್ಷ ಮೇಡಂ ಪರೀಕ್ಷೆಗೆ ಹೋದದ್ದು ಸತತ ಹನ್ನೆರಡು ದಿನದ ಓಡಾಟದ ಮೇಲೆ. ಹೆಡ್‌ಮೇಷ್ಟರು ಆ ಶಾಲೆಗೆ ಹೊಸಬರು. ಮಕ್ಕಳಿಗೆಲ್ಲ ತಲೆ ಬಾಚಿಸಿ ಸಾಲಾಗಿ ನಿಲ್ಲಿಸಿದ್ದರು. ಸಂಜೆ ಹೊತ್ತಿಗೆ ಮೂರು ಮಕ್ಕಳು ಅಂಚಿನಲ್ಲಿ ಉಳಿದರು. ಒಬ್ಬನದು ನಲವತ್ತೊಂದು ಪದ, ಇನ್ನಿಬ್ಬರದು ನಲವತ್ತೆರಡು. ಕೊನೆಯವಳು ಹಾಳೆ ವಾಪಸು ಕೊಡುತ್ತಾ, "ನಾನು ಪಾಸಾ ಮಿಸ್?" ಎಂದು ಕೇಳಿದಳು. ಮೇಡಂ ಹೂಂ ಎಂದುಬಿಟ್ಟರು. ಹೂಂ ಎಂದ ಮೇಲೆ ಬರೆಯಬೇಕಲ್ಲ, ಮೂವರಿಗೂ ನಲವತ್ತೈದು ಎಂದು ಬರೆದರು. ಪುಟಾಣಿಗಳು, ಶಾಲೆಗೊಂದು ಒಳ್ಳೆಯ ಹೆಸರು ಬರಲಿ ಎನಿಸಿತಂತೆ.

ಆ ಮೂವರಿಂದಾಗಿ ಶಾಲೆ ಅರ್ಧದ ಗೆರೆ ದಾಟಿತು. ಸುಧಾರಿಸಿದ ಶಾಲೆ ಎಂದು ಷರಾ ಬಿತ್ತು. ಸುಧಾರಿಸಿದ ಶಾಲೆಗೆ ಮೂರನೆಯ ಟೀಚರು ಯಾಕೆ? ಮುಂದಿನ ವರ್ಷ ಮೇಡಂ ಹೋದಾಗ ಜಗಲಿಯ ಮೂಲೆಯಲ್ಲಿ ಸೈಕಲ್ಲುಗಳು ನಿಂತಿದ್ದವು.

"ನಮ್ಮ ಮಕ್ಕಳು ಇದ್ದಕ್ಕಿದ್ದಂಗೆ ಜಾಣರಾಗ್ಬಿಟ್ರಂತೆ ಮೇಡಂ," ಎಂದರು ಹೆಡ್‌ಮೇಷ್ಟರು. ನಗಲಿಲ್ಲ. ಮೇಡಂ ತಲೆ ತಗ್ಗಿಸಿ ಫಾರಂ ಬಿಚ್ಚಿದರು. ಆ ವರ್ಷದ ಮಕ್ಕಳಲ್ಲಿ ಒಂಬತ್ತು ಮಂದಿಗೆ ಒತ್ತಕ್ಷರ ಕಂಡರೆ ನಾಲಗೆ ನಿಲ್ಲುತ್ತಿತ್ತು. ಮತ್ತೆ ಟೀಚರು ಕೊಡಿ ಎಂದು ಶಾಲೆಯವರು ಅರ್ಜಿ ಹಾಕಿದರು. ಆ ಅರ್ಜಿಗೆ ನಂಬರು ಹಾಕಿದವನು ನಾನೇ. ಏನೂ ಬರಲಿಲ್ಲ.

ಅಂದಿನಿಂದ ಮೇಡಂ ನಲವತ್ತನಾಲ್ಕು ಓದಿದವರಿಗೆ ನಲವತ್ತನಾಲ್ಕು ಎಂದೇ ಬರೆದರು. ಮೇಷ್ಟರುಗಳು ಟೀ ತರಿಸಿದರೂ ಅಷ್ಟೇ, ಮಗು ಕಣ್ಣೀರಿಟ್ಟರೂ ಅಷ್ಟೇ. "ಆಯಮ್ಮ ಕಲ್ಲು ಕಣ್ರೀ" ಎಂಬ ಮಾತು ನನ್ನ ಕಿವಿಗೂ ಬಿದ್ದಿತ್ತು. ಕಾರಣ ಗೊತ್ತಿದ್ದದ್ದು ಯಜಮಾನರೊಬ್ಬರಿಗೆ ಎಂದು ಮೇಡಂ ತಿಳಿದಿದ್ದರು.

ಆಮೇಲೆ ನಿಯಮ ತಲೆಕೆಳಗಾಯಿತು. ಮೇಲಿನವರಿಗೆ ಏನು ಹೊಳೆಯಿತೋ, ಓದಲಾರದ ಶಾಲೆಗೆ ಹೆಚ್ಚು ಕೊಡುವುದು ದಂಡ, ಫಲಿತಾಂಶಕ್ಕೆ ತಕ್ಕಷ್ಟು ಕೊಡಬೇಕು ಎಂದು ಸುತ್ತೋಲೆ ಬಂತು. ಎರಡು ವರ್ಷ ಸತತವಾಗಿ ಅರ್ಧಕ್ಕಿಂತ ಕೆಳಗಿದ್ದರೆ ಆ ಶಾಲೆಯ ಒಂದು ಹುದ್ದೆ ಕಟ್. ಕೊನೆಯ ನಿಲ್ದಾಣದ ಶಾಲೆ ಒಂದು ವರ್ಷ ಆಗಲೇ ಕೆಳಗಿತ್ತು. ಇನ್ನೊಮ್ಮೆ ಕೆಳಗಾದರೆ ಹೆಡ್‌ಮೇಷ್ಟರೊಬ್ಬರೇ ನಾಲ್ಕು ತರಗತಿ ನೋಡಿಕೊಳ್ಳಬೇಕು.

ಆ ವರ್ಷ ಮೇಡಂ ಅಲ್ಲಿಗೆ ಹೋದದ್ದು ತಿಂಗಳ ಹದಿನೇಳಕ್ಕೆ. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಮಕ್ಕಳು. ಬೆಂಚಿನ ಮೇಲೆ ಕೂತವರು ಹನ್ನೆರಡೇ.

"ಉಳಿದವರು?"

"ಮಂಗನಬಾವು ಮೇಡಂ. ಗದ್ದ ಊದಿಸ್ಕೊಂಡು ಮನೇಲಿ ಬಿದ್ದಿದಾವೆ. ಹೋದ ವಾರ ಒಂದಕ್ಕೆ ಬಂತು, ಈಗ ಏಳು."

ಹನ್ನೆರಡು ಮಕ್ಕಳನ್ನು ಓದಿಸಿದ್ದಾಯಿತು. ಎಂಟು ಮಂದಿ ಓದಬಲ್ಲವರು. ಗೆರೆ ದಾಟಲು ಹತ್ತು ಬೇಕು. ಫಾರಮ್ಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಗೈರು ಎಂದರೆ ಸೊನ್ನೆ.

ಹೆಡ್‌ಮೇಷ್ಟರು ಫಾರಮ್ಮಿನ ಮೇಲೆ ಬಗ್ಗಿ ನೋಡಿ, ಹಿಂದಕ್ಕೆ ಸರಿದು, ಗೋಡೆಗೆ ಒರಗಿದರು. "ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಅಂತಾರಲ್ಲ, ಹಂಗಾಯ್ತು. ಮಕ್ಕಳಿಗೆ ಜ್ವರ, ಟೀಚರ್ ಹುದ್ದೆಗೆ ಬರೆ." ಆಮೇಲೆ ದನಿ ತಗ್ಗಿಸಿದರು. "ಎರಡೇ ತಾನೇ ಮೇಡಂ?"

ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

"ಆವತ್ತು ಮೂರು ಮಕ್ಕಳಿಗೆ ಮಾಡಿದ್ರಿ. ನಾನು ಕಿಟಕಿ ಹೊರಗೆ ನಿಂತು ಎಣಿಸ್ತಿದ್ದೆ. ನಲವತ್ತೊಂದು ಓದಿದ್ದ ಆ ಹುಡುಗ. ಅದರಿಂದ ಏನಾಯ್ತು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆದ್ರೂ ಕೇಳ್ತಿದೀನಿ, ಮರ್ಯಾದೆ ಬಿಟ್ಟು."

ಏಳು ವರ್ಷ ಈ ಮನುಷ್ಯ ಇದನ್ನು ಬಲ್ಲ. ಪ್ರತಿ ವರ್ಷವೂ ಕುರ್ಚಿ ಒರೆಸಿ ಕೊಟ್ಟಿದ್ದಾನೆ, ನೀರು ತಂದಿಟ್ಟಿದ್ದಾನೆ, ಒಂದು ಮಾತು ಆಡಿಲ್ಲ. ಮೇಡಂ ಫಾರಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಬೇಡ ಮೇಷ್ಟ್ರೇ," ಎಂದರು. "ಅದನ್ನ ಮತ್ತೆ ಮಾಡೋಕೆ ನನ್ನ ಕೈಲಾಗಲ್ಲ."

"ಸರಿ."

"ಬಾವು ಎಷ್ಟು ದಿನ ಇರುತ್ತೆ?"

"ಹತ್ತು ದಿನ ಅಂತಾರೆ. ಯಾಕೆ?"

"ತಿಂಗಳ ಕೊನೆವರೆಗೂ ಪರೀಕ್ಷೆ ಅವಧಿ ಇದೆ. ಮನೆ ತೋರಿಸ್ತೀರಾ?"

ರಾತ್ರಿ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: "ನಿನಗೆ ಚಿಕ್ಕವಳಿದ್ದಾಗ ಮಂಗನಬಾವು ಆಗಿತ್ತಾ?"

"ನೆನಪಿಲ್ಲ."

"ಆಗಿದ್ರೆ ಮುಖ ನೋಡಿದವರು ಯಾರಾದ್ರೂ ನೆನಪಿಟ್ಟಿರ್ತಿದ್ರು," ಎಂದು ಗಾಜು ಒರೆಸುವ ಬಟ್ಟೆ ಮಡಿಸಿಟ್ಟರು.

ಕಚೇರಿ ಒಂದು ಶಾಲೆಗೆ ಒಂದೇ ದಿನದ ಪ್ರಯಾಣ ಮಂಜೂರು ಮಾಡುವುದು. ಮೇಡಂ ಎರಡು ದಿನ ಸ್ವಂತ ರಜೆ ಹಾಕಿದರು. ಇಪ್ಪತ್ತನಾಲ್ಕಕ್ಕೆ ಹೋದಾಗ ಏಳರಲ್ಲಿ ಇಬ್ಬರು ಶಾಲೆಗೆ ಮರಳಿದ್ದರು. ಅವರಲ್ಲಿ ಒಬ್ಬಳು ನಲವತ್ತೊಂಬತ್ತು ಪದ ಓದಿದಳು, ಇನ್ನೊಬ್ಬ ಮೂವತ್ತಕ್ಕೇ ನಿಂತ. ಉಳಿದವರ ಮನೆಗಳನ್ನು ಹೆಡ್‌ಮೇಷ್ಟರು ಸೈಕಲ್ ತಳ್ಳಿಕೊಂಡು ಮುಂದೆ ನಡೆದು ತೋರಿಸಿದರು.

ಮರ ಕೊಯ್ಯುವ ಮಿಲ್ಲಿನ ಹಿಂದೆ ಒಂದು ಮನೆ. ಗರಗಸ ಕಿರುಚುತ್ತಿತ್ತು. ಮಗುವಿನ ದನಿ ಕೇಳುವುದು ಹೇಗೆ? ಹೆಡ್‌ಮೇಷ್ಟರು ಹೋಗಿ ಮಾಲೀಕನನ್ನು ಬೇಡಿಕೊಂಡು ಎರಡು ನಿಮಿಷ ಮಷಿನ್ನು ನಿಲ್ಲಿಸಿದರು. ಹುಡುಗನ ಮುಖ ಗುಂಡಗೆ ಕುಂಬಳಕಾಯಿ. ಹಾಸಿಗೆಯಲ್ಲೇ ಕೂತು, ತುಟಿ ಪೂರ್ತಿ ತೆರೆಯಲಾಗದೆ, ಐವತ್ತೊಂದು ಪದ ಓದಿದ. ನರಿ ಯಾಕೆ ಬಾವಿಗೆ ಬಿತ್ತು ಎಂದು ಕೇಳಿದ್ದಕ್ಕೆ, "ನೋಡ್ಕೊಂಡು ನಡೀಲಿಲ್ಲ" ಎಂದ. ಸರಿ ಉತ್ತರ.

"ಯಾವ ದಾರೀಲಿ ಬಂದ್ರಿ ಮಿಸ್?" ಎಂದು ಅವನೇ ತಿರುಗಿ ಕೇಳಿದ. ಮೇಡಂ ತಾವು ಬಂದ ದಾರಿಯನ್ನು ಹೇಳಿದರು. ಚರಂಡಿ ದಾಟುವಲ್ಲಿ ಹಲಗೆ ಅಲ್ಲಾಡುತ್ತದೆ ಎಂದಾಗ ಅವನು, "ಅದು ನಮ್ಮಪ್ಪ ಹಾಕಿದ್ದು" ಎಂದ.

ಪಂಕ್ಚರ್ ಅಂಗಡಿಯ ಅಕ್ಕತಮ್ಮ ಇಬ್ಬರೂ ಒಂದೇ ಮಂಚದಲ್ಲಿದ್ದರು. ತಮ್ಮ ಓದುವಾಗ ಅಕ್ಕ ಪಿಸುಗುಟ್ಟಿ ಹೇಳಿಕೊಡತೊಡಗಿದಳು. ಅವಳನ್ನು ಹೊರಗೆ ಕಳಿಸಬೇಕಾಯಿತು. ಅಕ್ಕ ಗೆರೆ ದಾಟಿದಳು, ತಮ್ಮ ನಲವತ್ತನಾಲ್ಕಕ್ಕೆ ನಿಂತ. ಅಮ್ಮ ಬಾಗಿಲಲ್ಲಿ ನಿಂತು, "ಒಂದು ತಾನೇ ಮೇಡಮ್ಮೋರೆ, ಜ್ವರದ ಮಗು" ಎಂದಳು. ಮೇಡಂ ನಲವತ್ತನಾಲ್ಕು ಎಂದು ಬರೆದರು. ಹೊರಗೆ ಬಂದು ಟೈರುಗಳ ರಾಶಿಯ ಮೇಲೆ ಸ್ವಲ್ಪ ಹೊತ್ತು ಕೂತರು. ಹೆಡ್‌ಮೇಷ್ಟರು ಸೈಕಲ್ಲಿನ ಸ್ಟ್ಯಾಂಡು ಎತ್ತಿ ಕಾದರು.

ಇಪ್ಪತ್ತೊಂಬತ್ತಕ್ಕೆ ಮತ್ತೊಮ್ಮೆ ಹೋದರು. ಒಬ್ಬಳಿಗೆ ಬಾವು ಇಳಿದಿರಲಿಲ್ಲ, ಬಾಯಿ ಬಿಡಲಾಗದು. ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಪದ ತೋರಿಸಿದಳು, ಪ್ರಶ್ನೆಗಳ ಉತ್ತರವನ್ನು ಸ್ಲೇಟಿನಲ್ಲಿ ಬರೆದಳು. ಐದಕ್ಕೆ ಐದು. ಫಾರಮ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಏಳನೆಯವನು ಅತ್ತೆ ಮನೆಗೆ ಹೋಗಿದ್ದ. ಇಬ್ಬರಿಗೂ ಗೈರು ಎಂದು ಬರೆದು ಮೇಡಂ ಕೂಡಿದರು. ಎಂಟು ಮತ್ತು ಮೂರು, ಹನ್ನೊಂದು.

ಆ ಫಾರಂ ಕಚೇರಿಗೆ ಬಂದಾಗ ನಮ್ಮ ಸಾಹೇಬರು ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಡಂ ಮೇಜಿನ ಹತ್ತಿರ ನಿಂತರು. ನಾನು ಬೀರುವಿನ ಈಚೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

"ಒಂದು ಶಾಲೆಗೆ ಮೂರು ತಾರೀಖಾ? ಇದೇನು ಪರೀಕ್ಷೆನೋ, ಮನೆಮನೆ ಗಣತಿನೋ?"

"ಅವಧಿ ಒಳಗೇ ಮಾಡಿದೀನಿ ಸಾರ್."

"ಫಾರಮ್ಮಲ್ಲಿ ಒಂದೇ ತಾರೀಖಿಗೆ ಜಾಗ ಇದೆ."

"ಪಕ್ಕದಲ್ಲಿ ಬರ್ದಿದೀನಿ ಸಾರ್."

"ಅದೇ ಕಾಣ್ತಿದೆಯಲ್ಲ!" ಸಾಹೇಬರು ಕೆಟ್ಟವರಲ್ಲ, ಅವರ ಮೇಲೂ ಮೇಲಿನವರಿದ್ದರು. "ನಾಳೆ ಇನ್ನೊಬ್ಬರು ಬಂದು, ನಮ್ಮೂರಲ್ಲಿ ಕೆಮ್ಮು, ನಮ್ಮೂರಲ್ಲಿ ಹೊಟ್ಟೆನೋವು ಅಂತಾರೆ. ನಾನು ಸಹಿ ಹಾಕಲ್ಲ. ಸಮಿತಿ ಮುಂದೆ ಇಡ್ತೀನಿ, ನೀವೇ ಬಂದು ಹೇಳ್ಕೊಳ್ಳಿ."

ಸಮಿತಿ ಸಭೆ ಮುಂದಿನ ತಿಂಗಳ ಹನ್ನೆರಡಕ್ಕೆ. ಅಂದು ಬೆಳಗ್ಗೆ ಮೇಡಂ ಕಚೇರಿಗೆ ಬಂದಾಗ ಶಾಲನ್ನು ಕಿವಿಯ ಮೇಲಿನಿಂದ ಸುತ್ತಿಕೊಂಡಿದ್ದರು. ಎಡ ಕೆನ್ನೆ ಕಿವಿಯ ಬುಡದಿಂದ ಉಬ್ಬಿತ್ತು.

"ಮೇಡಂ, ಇದು..." ಎಂದೆ.

"ಹೂಂ, ಅದೇ," ಎಂದರು. "ಐವತ್ತಮೂರನೇ ವಯಸ್ಸಿಗೆ. ನಮ್ಮನೆಯವರು ಬೆಳಗ್ಗೆಯಿಂದ ನಗ್ತಿದಾರೆ."

"ಮನೆಗೆ ಹೋಗಿ ಮೇಡಂ, ಇನ್ನೊಂದಿನ ಹೇಳಿದ್ರಾಯ್ತು."

"ಇನ್ನೊಂದಿನ ಇಲ್ಲ. ಇವತ್ತೇ ಪಟ್ಟಿ ಮೇಲಕ್ಕೆ ಹೋಗುತ್ತೆ."

ಕಡತ ಹಿಡಿದುಕೊಂಡು ನಾನೂ ಒಳಗೆ ಹೋಗಿದ್ದೆ. ಉದ್ದ ಮೇಜು, ಐದು ಜನ ಸದಸ್ಯರು, ತಿರುಗದ ಒಂದು ಫ್ಯಾನು. ಮೇಡಂ ಬಾಗಿಲ ಬಳಿಯ ಕುರ್ಚಿಯಲ್ಲೇ ಕೂತು, ತಮಗೇನಾಗಿದೆ ಎಂದು ಮೊದಲೇ ಹೇಳಿಬಿಟ್ಟರು. ಹತ್ತಿರ ಇದ್ದ ಸದಸ್ಯರೊಬ್ಬರು ಕುರ್ಚಿಯನ್ನು ಸದ್ದಿಲ್ಲದೆ ಎರಡು ಅಡಿ ಆಚೆಗೆ ಎಳೆದುಕೊಂಡರು.

ಅಧ್ಯಕ್ಷರು ಫಾರಂ ನೋಡಿದರು. "ನೀವು ಇಷ್ಟು ವರ್ಷದಲ್ಲಿ ಬೇರೆ ಯಾವ ಶಾಲೆಗೂ ಒಂದೇ ವರ್ಷದಲ್ಲಿ ಎರಡನೇ ಸಲ ಹೋಗಿಲ್ಲ. ಈ ಶಾಲೆಗೆ ಮಾತ್ರ ಮೂರು ಸಲ. ಆ ಹೆಡ್‌ಮೇಷ್ಟರು ನಿಮಗೆ ಬೇಕಾದವರಾ?"

"ಅಲ್ಲ ಸಾರ್. ಆ ಶಾಲೆಗೆ ನಾನು ಒಂದು ಸಲ ಅನ್ಯಾಯ ಮಾಡಿದೀನಿ."

ದವಡೆ ನೋಯುತ್ತಿದ್ದರಿಂದ ಮೇಡಂ ಒಂದೊಂದೇ ಮಾತು ಆಡಿದರು. ಅವರ ಕೀರಲು ದನಿ ಕೇಳಿಸಲು ಎಲ್ಲರೂ ಪೆನ್ನು ಕೆಳಗಿಡಬೇಕಾಯಿತು. "ಏಳು ವರ್ಷದ ಹಿಂದೆ ಮೂರು ಮಕ್ಕಳಿಗೆ ಇಲ್ಲದ ಪದ ಬರೆದೆ. ಪಾಪ ಅನ್ನಿಸ್ತು. ನನಗೆ ಸುಸ್ತೂ ಆಗಿತ್ತು. ಅದರಿಂದ ಅವರ ಓದಿನ ಟೀಚರ್ ಹೋದ್ರು. ಆಮೇಲೆ ಬಂದ ಮಕ್ಕಳಿಗೆ ಕಲಿಸೋರೇ ಇರ್ಲಿಲ್ಲ. ಈ ಸಲ ಇಲ್ಲದ್ದು ಏನೂ ಬರೆದಿಲ್ಲ. ನಲವತ್ತನಾಲ್ಕು ಓದಿದವನಿಗೆ ನಲವತ್ತನಾಲ್ಕೇ ಇದೆ, ನೋಡಿ. ಓದಿದ್ದನ್ನ ಮಾತ್ರ ಸೊನ್ನೆ ಅಂತ ಬರೀಬೇಡಿ."

ಸಾಹೇಬರು ಚಾವಣಿ ನೋಡುತ್ತಿದ್ದರು. ಸದಸ್ಯರ ಮನಸ್ಸು ಕರಗಿತು ಎಂದು ನಾನು ಹೇಳಲಾರೆ. ಅಧ್ಯಕ್ಷರು ಗಡಿಯಾರ ನೋಡಿದರು, ಶಾಲು ನೋಡಿದರು, ಊದಿದ ಕೆನ್ನೆ ನೋಡಿದರು. "ತನ್ನ ತಪ್ಪು ತಾನೇ ಒಪ್ಕೊಳ್ಳೋರು ಇದರಲ್ಲಿ ಸುಳ್ಳು ಹೇಳ್ತಾರಾ? ಬರ್ಕೊಳ್ರೀ ಅತ್ತ, ಹನ್ನೊಂದು. ಹಳೇದರ ಬಗ್ಗೆ ಬೇರೆ ನೋಟೀಸ್ ಕೊಡಿ. ಮೇಡಂ, ನೀವು ದಯವಿಟ್ಟು ಮನೆಗೆ ಹೋಗಿ."

ಆ ನೋಟೀಸಿಗೆ ನಂಬರು ಹಾಕಿದವನೂ ನಾನೇ. ಅವರಿಗೆ ಬರಬೇಕಿದ್ದ ಬಡ್ತಿ ನಿಂತಿತು. ಮಂಗನಬಾವು ಎರಡೂ ಕಡೆ ಏರಿ ಮೂರು ವಾರ ಮಲಗಿದರು. ನೋಡಲು ಹೋದಾಗ ಯಜಮಾನರು ಬಾಗಿಲಲ್ಲೇ, "ನಿಮಗಾಗಿದೆಯೇನ್ರೀ ಚಿಕ್ಕವರಿದ್ದಾಗ?" ಎಂದು ವಿಚಾರಿಸಿಯೇ ಒಳಗೆ ಬಿಟ್ಟರು. ಮೇಡಂ ದಿಂಬಿಗೆ ಒರಗಿ ಕೂತಿದ್ದರು. ನೋಟೀಸಿನ ಲಕೋಟೆ ಒಡೆಯದೆ ಕಿಟಕಿಯ ಮೇಲಿತ್ತು.

"ಹೇಳಬಾರದಿತ್ತು ಮೇಡಂ," ಎಂದೆ.

"ಹೇಳಿದ್ದಕ್ಕೆ ಹಗುರಾಗುತ್ತೆ ಅಂದ್ಕೊಂಡಿದ್ದೆ," ಎಂದರು. "ಹಂಗೇನೂ ಆಗಿಲ್ಲ. ನಿದ್ದೆ ಮಾತ್ರ ಬರ್ತಿದೆ."

ಶಾಲೆಯ ಎರಡನೆಯ ಹುದ್ದೆ ಆ ವರ್ಷ ಉಳಿಯಿತು. ಮುಂದಿನ ವರ್ಷ ಮತ್ತೊಂದು ಸುತ್ತೋಲೆ ಬಂತು. ಇನ್ನು ಓದಿನ ಲೆಕ್ಕವಲ್ಲ, ತಲೆ ಲೆಕ್ಕ. ನಲವತ್ತು ಮಕ್ಕಳಿಗಿಂತ ಕಡಿಮೆ ಇರುವ ಶಾಲೆಯನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುವುದು. ಕೊನೆಯ ನಿಲ್ದಾಣದ ಶಾಲೆಯಲ್ಲಿ ನಾಲ್ಕೂ ತರಗತಿ ಕೂಡಿ ಮೂವತ್ತಾರು. ಬೀಗ ಬಿತ್ತು. ಮಕ್ಕಳು ಒಂಬತ್ತು ಕಿಲೋಮೀಟರು ವ್ಯಾನಿನಲ್ಲಿ ಹೋಗತೊಡಗಿದರು. ಹೆಡ್‌ಮೇಷ್ಟರು ಅದೇ ದೊಡ್ಡ ಶಾಲೆಯಲ್ಲಿ ಮೂರನೇ ತರಗತಿಯ ಬರೀ ಮೇಷ್ಟರಾದರು. ಸೇವಾ ಪುಸ್ತಕದ ಕೆಲಸಕ್ಕೆ ಕಚೇರಿಗೆ ಬಂದವರು ಮೇಡಂ ಮೇಜಿನ ಎದುರು ಕೂತರು.

"ಎಲ್ಲಾ ನೀರಲ್ಲಿ ಹೋಮ ಆಯ್ತಲ್ಲ ಮೇಷ್ಟ್ರೇ," ಎಂದರು ಮೇಡಂ.

"ಯಾಕೆ ಹಂಗಂತೀರಿ? ಒಂದು ವರ್ಷ ಸಿಕ್ತಲ್ಲ. ಇಬ್ಬರು ಇದ್ವಿ. ಮೂರನೇ ಕ್ಲಾಸು ಪೂರ್ತಿ ಓದು ಕಲ್ತ್ಕೊಂಡೇ ವ್ಯಾನ್ ಹತ್ತಿದ್ದು. ಪಂಕ್ಚರ್ ಅಂಗಡಿ ಹುಡುಗ ಈಗ ಬೋರ್ಡ್ ಮೇಲೆ ಇರೋದನ್ನೆಲ್ಲ ಗಟ್ಟಿಯಾಗಿ ಓದಿ ತಲೆ ತಿಂತಾನೆ."

ಮೇಡಂ ಎರಡು ಟೀ ಹೇಳಿ ಬನ್ನಿ ಎಂದು ನನ್ನನ್ನು ಕಳಿಸಿದರು. ತಂದಾಗ ಇಬ್ಬರೂ ಮಾತಿಲ್ಲದೆ ಕೂತಿದ್ದರು. ಜಗಳವಾಡಿದವರ ಹಾಗಲ್ಲ, ದೂರದಿಂದ ನಡೆದು ಬಂದವರ ಹಾಗೆ.

ಇನ್ನೂ ಐದು ವರ್ಷ ಅವರು ಅದೇ ಕೆಲಸ ಮಾಡಿದರು. ಶಾಲೆಗಳು ನಲವತ್ತಮೂರಿಂದ ಇಪ್ಪತ್ತಾರಕ್ಕೆ ಇಳಿದವು, ಒಂದೊಂದು ಶಾಲೆಯ ಮಕ್ಕಳು ದುಪ್ಪಟ್ಟಾದರು, ಓಡಾಟ ಕಡಿಮೆಯಾಗಲಿಲ್ಲ. ನಿವೃತ್ತಿಯ ದಿನ ಭಾಷಣ ಬೇಡವೆಂದರು. ಗಂಟಲು ಸರಿಯಿಲ್ಲ ಎಂಬುದು ನೆಪ.

ಅದಾಗಿ ಒಂದೆರಡು ತಿಂಗಳಿಗೆ ಬಸ್ಸಿನಲ್ಲಿ ಸಿಕ್ಕರು. ಮಗಳನ್ನು ನೋಡಿ ಬರುತ್ತಿದ್ದರು. ಕಿಟಕಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆ. ಅವರು ಇಳಿಯುವ ನಿಲ್ದಾಣ ಬಂತು. ಎಬ್ಬಿಸಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಬಸ್ಸು ಹೊರಟುಬಿಟ್ಟಿತು. ಭುಜ ಮುಟ್ಟಿದೆ.

"ಮೇಡಂ, ನಿಮ್ಮ ಸ್ಟಾಪ್ ಹೋಯ್ತು."

ಕಣ್ಣು ಬಿಟ್ಟು ಹೊರಗೆ ನೋಡಿದರು. ಗಾಬರಿಯಾಗಲಿಲ್ಲ. "ಹೋಗ್ಲಿ ಬಿಡಿ," ಎಂದು ಸೆರಗು ಸರಿಮಾಡಿಕೊಂಡರು. "ಮುಂದಿನದರಲ್ಲಿ ಇಳಿದು ನಡ್ಕೊಂಡು ಬರ್ತೀನಿ."